ಬಖೂರ್ ತರದ ಮಧ್ಯಾಹ್ನ

ಇದನ್ನು ಬರೆಯುವಾಗಲೂ ನನ್ನ ಸಿಟ್ಟು ಇಳಿದಿಲ್ಲ. ಇಳಿದ ಮೇಲೆ ಬರೆ ಎಂದು ಬುದ್ಧಿ ಹೇಳಿದವರಿದ್ದಾರೆ. ಇಳಿದ ಮೇಲೆ ನೆನಪು ತುಂಬ ಸಭ್ಯವಾಗಿಬಿಡುತ್ತದೆ, ಎಲ್ಲರಿಗೂ ಒಂದೊಂದು ಕಾರಣ ಹುಡುಕಿ ಕೊಡುತ್ತದೆ. ಆ ಮನುಷ್ಯನಿಗೆ ಕಾರಣ ಹುಡುಕಿ ಕೊಡುವ ಕೆಲಸ ನನ್ನದಲ್ಲ.

ರಿಯಾದಿನ ಹತ್ತಿರದ ಅಲ್ ಖರ್ಜ್‌ನಿಂದ ಡೈರಿಗಳ ಕಡೆಗೆ ಹೋಗುವ ರಸ್ತೆಯಲ್ಲಿ, ಹಾಸಿಗೆ ಹಿಡಿದ ಗಂಡಸರ ಆರೈಕೆ ಕೇಂದ್ರವೊಂದಿದೆ. ನೋಡಿಕೊಳ್ಳಲು ಮನೆಯಲ್ಲಿ ಯಾರೂ ಇಲ್ಲದವರು ಅಲ್ಲಿರುತ್ತಾರೆ. ಕಟ್ಟಡ ಸರಕಾರದ್ದು. ನಡೆಸುವುದು ಗುತ್ತಿಗೆ ಹಿಡಿದ ಕಂಪನಿ. ಕಂಪನಿ ಹೇಗೆ ನಡೆಸುತ್ತಿದೆ ಎಂದು ನೋಡಲು ಊರಿನ ಆಡಳಿತದಿಂದ ಆಗಾಗ ಒಂದು ತಪಾಸಣಾ ಸಮಿತಿ ಬರುತ್ತದೆ. ಸಮಿತಿಗೆ ಅರಬಿಯಲ್ಲಿ ಲಜ್ನಾ ಅನ್ನುತ್ತಾರೆ. ಮಲಯಾಳಿಗಳು, ಬಂಗಾಳಿಗಳು, ನಾವು, ಎಲ್ಲರೂ ಅದನ್ನು ಲಜ್ನಾ ಎಂದೇ ಕರೆಯುತ್ತಿದ್ದೆವು.

ನಾನು ಅಲ್ಲಿ ನರ್ಸ್ ಆಗಿದ್ದೆ. ಕುಂದಾಪುರದ ಕಡೆಯವನು. ಕಂಪನಿಯ ಸೂಪರ್‌ವೈಸರ್ ಉಡುಪಿಯವರು. ಅವರ ಮನೆಮಾತು ತುಳು, ನನ್ನದು ಕುಂದಾಪುರದ ಕನ್ನಡ. ಇಬ್ಬರ ನಡುವೆ ಇದ್ದದ್ದು ಮಂಗಳೂರು ಬಸ್ಸಿನಲ್ಲಿ ಪಕ್ಕದ ಸೀಟಿನವರ ಹತ್ತಿರ ಆಡುವಂಥ ಒಂದು ಕನ್ನಡ. ನಮ್ಮ ಕಡೆಯ ಹುಡುಗ ಎಂದು ನನ್ನನ್ನು ಕೆಲಸಕ್ಕೆ ಸೇರಿಸಿದ್ದು ಅವರೇ. ಇದನ್ನು ಬಿಟ್ಟು ಬರೆದಿದ್ದರೆ ನನ್ನ ಸಿಟ್ಟು ಇನ್ನಷ್ಟು ಚೊಕ್ಕವಾಗಿ ಕಾಣುತ್ತಿತ್ತು. ಇರಲಿ, ಬರೆದಾಯಿತು.

ಹಿಂಬದಿಯ ಕಟ್ಟಡದ ವಾರ್ಡಿನ ಕೊನೆಯ ಮಂಚದಲ್ಲಿ ಒಬ್ಬ ಮುದುಕರಿದ್ದರು. ನಾವೆಲ್ಲ ಅವರನ್ನು ಹಾಜಿ ಅನ್ನುತ್ತಿದ್ದೆವು. ಮೊದಲು ನೀರಿನ ಟ್ಯಾಂಕರ್ ಓಡಿಸುತ್ತಿದ್ದರಂತೆ. ಬೆನ್ನುಹುರಿಗೆ ಪೆಟ್ಟು ಬಿದ್ದ ಮೇಲೆ ಸೊಂಟದಿಂದ ಕೆಳಗೆ ಏನೂ ಗೊತ್ತಾಗುತ್ತಿರಲಿಲ್ಲ. ದನಿ ಮಾತ್ರ ಟ್ಯಾಂಕರಿನ ಹಾರ್ನಿನ ಹಾಗೆ ಗಟ್ಟಿಯಾಗಿತ್ತು. ಅಂಥವರನ್ನು ಒಂದೇ ಮಗ್ಗುಲಲ್ಲಿ ಬಿಟ್ಟರೆ ಬೆನ್ನಿನ ಕೆಳಗೆ ಹುಣ್ಣಾಗುತ್ತದೆ. ಗಡಿಯಾರ ನೋಡಿ ಹೊರಳಿಸಬೇಕು ಎಂದು ನಾನು ಓದಿಕೊಂಡು ಬಂದಿದ್ದೆ. ಆ ವಾರ್ಡಿನಲ್ಲಿ ನನ್ನ ಜೊತೆಗಿದ್ದ ಬಂಟ್ವಾಳ ಕಡೆಯ ಬ್ಯಾರಿ ಮುಸ್ಲಿಮರೊಬ್ಬರು ಬೇರೆ ಕ್ರಮ ಕಲಿಸಿದರು. ಮಸೀದಿಯಿಂದ ಬಾಂಗ್ ಕೇಳಿದಾಗ ಒಮ್ಮೆ, ಎರಡು ಬಾಂಗಿನ ನಡುವೆ ಮತ್ತೆ.

"ಗಡಿಯಾರ ನೋಡ್ಲಿಕ್ಕೆ ನಮಗೆ ಮರೀತದೆ ಮಾರಾಯ್ರೆ. ಬಾಂಗ್ ಮರೆಯೂದಿಲ್ಲ. ಮರೆತ್ರೂ ಹಾಜಿ ಬಿಡೂದಿಲ್ಲ," ಎಂದರು.

ಹಾಜಿ ಬಿಡುತ್ತಿರಲಿಲ್ಲ. ಬಾಂಗ್ ಶುರುವಾದದ್ದೇ ಕೂಗುತ್ತಿದ್ದರು: "ಯಾ ಹಿಂದಿ, ಗಲ್ಲಿಬ್ನಿ." ಏ ಇಂಡಿಯಾದವನೇ, ನನ್ನನ್ನು ಹೊರಳಿಸು. ಬಲ ಮಗ್ಗುಲಾಗಿ, ಮುಖ ಮಕ್ಕಾದ ಕಡೆಗೆ. ಕಣ್ಣು ಮುಚ್ಚಿ ಮಲಗಿದಲ್ಲೇ ನಮಾಜು ಮುಗಿಸುತ್ತಿದ್ದರು. ನಾನು ಬೆನ್ನಿಗೆ ದಿಂಬು ಕೊಟ್ಟು, ಬೆನ್ನಿನ ಚರ್ಮ ನೋಡಿ, ಎಣ್ಣೆ ಸವರುತ್ತಿದ್ದೆ.

ಒಮ್ಮೆ ಕೇಳಿದರು, "ನಿನ್ನ ದೇವರು ಯಾವ ದಿಕ್ಕಿನಲ್ಲಿ?"

ನನ್ನ ಹರುಕು ಅರಬಿಯಲ್ಲಿ ಹೇಳಿದೆ, "ನಮಗೆ ಎಲ್ಲಾ ದಿಕ್ಕೂ ಆಗ್ತದೆ ಹಾಜಿ."

"ಹಾಗಾದರೆ ನೀನು ಬಿದ್ದುಕೊಂಡ ದಿನ ನಿನ್ನನ್ನು ಹೊರಳಿಸುವವನ ಗತಿ ಕೆಟ್ಟಿತು," ಎಂದು ಹೊಟ್ಟೆ ಕುಣಿಸಿ ನಕ್ಕರು.

ಈ ಮಾತು ಅವರು ಹೇಳಿದ್ದೋ, ನಾನು ಆಮೇಲೆ ಅವರ ಬಾಯಲ್ಲಿ ಇಟ್ಟದ್ದೋ ಎಂದು ಒಮ್ಮೊಮ್ಮೆ ಸಂಶಯ ಬರುತ್ತದೆ. ಹೊಟ್ಟೆ ಕುಣಿದದ್ದು ಮಾತ್ರ ಖಂಡಿತ. ನನ್ನ ಕೈ ಆಗ ಅವರ ಹೊಟ್ಟೆಯ ಮೇಲಿತ್ತು.

ಅವರ ಗಾಳಿ ಹಾಸಿಗೆಯ ಪಂಪು ಹಾಳಾಯಿತು. ಗಾಳಿ ಹೋದರೆ ಅದು ಬರೀ ರಬ್ಬರ್ ಶೀಟು. ಸೂಪರ್‌ವೈಸರಿಗೆ ಹೇಳಿದೆ. "ಬರ್ತದೆ ಮಾರಾಯ, ರಿಯಾದಿನಿಂದ ಬರ್ಬೇಕು," ಎಂದರು. ಮತ್ತೆ ಹೇಳಿದೆ. "ನಿನ್ನ ಅಪ್ಪನಾ ಅವ, ಇಷ್ಟು ಬಿಸಿ ನಿನಗೆಂತಕ್ಕೆ?" ಎಂದರು. ಕೆಂಪಗಾಗಿದ್ದ ಚರ್ಮವನ್ನು ಫೋನಿನಲ್ಲಿ ಹಿಡಿದು ತೋರಿಸಿದೆ. ಫೋಟೊ ತೆಗೆಯುವುದು ಕಾನೂನಿಗೆ ವಿರುದ್ಧ ಎಂದು ನನ್ನ ಕೈಯಿಂದಲೇ ಅಳಿಸಿಸಿದರು.

ಹಾಗಾಗಿ ಲಜ್ನಾಕ್ಕೆ ಹೇಳಿದೆ.

ಲಜ್ನಾ ನೋಡುವ ಕ್ರಮವನ್ನು ಇಲ್ಲಿ ಹೇಳಬೇಕು. ಬರುವ ದಿನ ಕಂಪನಿಗೆ ಮೊದಲೇ ತಿಳಿದಿರುತ್ತದೆ. ಹಿಂದಿನ ದಿನ ಎಲ್ಲರಿಗೂ ಸ್ನಾನ, ಕ್ಷೌರ, ಹೊಸ ಬೆಡ್‌ಶೀಟು. ಬಂದವರು ಬೆಂಕಿ ಆರಿಸುವ ಸಿಲಿಂಡರಿನ ತಾರೀಕು ನೋಡುತ್ತಾರೆ, ಔಷಧದ ಕಪಾಟು ನೋಡುತ್ತಾರೆ, ಅಡುಗೆಮನೆಯಲ್ಲಿ ಕೋಳಿಯ ತುಂಡಿಗೆ ಥರ್ಮಾಮೀಟರ್ ಚುಚ್ಚುತ್ತಾರೆ. ಆಮೇಲೆ ವಾರ್ಡಿಗೆ ಬಂದು ಮಂಚದ ಬಳಿ ಬಗ್ಗಿ ಕೇಳುತ್ತಾರೆ, ಹೇಗಿದ್ದೀರಿ. ಆ ದೇಶದಲ್ಲಿ ಈ ಪ್ರಶ್ನೆಗೆ ಒಂದೇ ಉತ್ತರ. ಕಾಲು ಮುರಿದವನೂ ಮಗನನ್ನು ಕಳೆದುಕೊಂಡವನೂ ಮೊದಲು ಹೇಳುವುದು ಅಲ್ ಹಮ್ದುಲಿಲ್ಲಾ. ದೇವರಿಗೆ ಕೃತಜ್ಞತೆ. ಹಾಸಿಗೆ ಹೇಗಿದೆ ಎಂಬುದಕ್ಕೆ ಅದು ಉತ್ತರವಲ್ಲ. ಲಜ್ನಾದವರೂ ಅಲ್ಲಿಯವರೇ, ಅವರಿಗೆ ಇದು ಗೊತ್ತಿಲ್ಲದ್ದಲ್ಲ. ಆದರೂ ಕೈಯಲ್ಲಿದ್ದ ಟ್ಯಾಬ್ಲೆಟ್ಟಿನ ಪರದೆ ಒತ್ತಿ ಮುಂದಿನ ಮಂಚಕ್ಕೆ ಹೋಗುತ್ತಿದ್ದರು.

ಸಮಿತಿಯಲ್ಲಿ ಮೊಣಕಾಲು ನೋವಿನ ಒಬ್ಬ ಹಿರಿಯರಿದ್ದರು. ಅವರು ಉಳಿದವರಿಗಿಂತ ಹಿಂದೆ ಬೀಳುತ್ತಿದ್ದರು. ಅವರಿಗೆ ಮೆಲ್ಲಗೆ ಹೇಳಿದೆ, ಈ ಹಾಸಿಗೆಯಲ್ಲಿ ಗಾಳಿ ಇಲ್ಲ ಎಂದು. ಅವರು ಒಳ್ಳೆಯ ಮನಸ್ಸಿನಿಂದಲೇ ತಲೆದೂಗಿದರು. ಒಳ್ಳೆಯ ಮನಸ್ಸಿನಿಂದಲೇ ಅಲ್ಲೇ ತಿರುಗಿ ಸೂಪರ್‌ವೈಸರಿಗೆ, ಈತ ಹೇಳುತ್ತಿದ್ದಾನೆ, ಇವರ ಹಾಸಿಗೆಯನ್ನು ಸ್ವಲ್ಪ ನೋಡಿಸಿ ಎಂದರು. ಸೂಪರ್‌ವೈಸರ್ ನನ್ನ ಹೆಗಲ ಮೇಲೆ ಕೈ ಹಾಕಿ, ಒಳ್ಳೆಯ ಹುಡುಗ ಎಂದು ಅರಬಿಯಲ್ಲಿ ಹೊಗಳಿದರು.

ಮರುದಿನ ನನ್ನನ್ನು ವಾರ್ಡಿನಿಂದ ತೆಗೆದರು.

"ನಿನಗೆ ದೊಡ್ಡವರ ಹತ್ರ ಮಾತಾಡ್ಲಿಕ್ಕೆ ಆಸೆ ಅಲ್ವಾ? ಇನ್ನು ದೊಡ್ಡವರ ಹತ್ರವೇ ಇರು. ಮಜ್ಲಿಸಿನಲ್ಲಿ ಗಾವಾ ಕೊಡು. ವಾರ್ಡಿಗೆ ಕಾಲಿಟ್ರೆ ಎಕ್ಸಿಟ್ ಹೊಡೆಸ್ತೇನೆ, ಸೀದಾ ಮಂಗಳೂರು."

ಮಜ್ಲಿಸ್ ಎಂದರೆ ಗೇಟಿನ ಕಡೆಯ ಮುಂದಿನ ಕಟ್ಟಡದಲ್ಲಿ ಅತಿಥಿಗಳು ಕೂರುವ ಕೋಣೆ. ಗಾವಾ ಎಂದರೆ ಏಲಕ್ಕಿ ಹಾಕಿದ ಅಲ್ಲಿನ ತಿಳಿ ಕಾಫಿ. ಎಡಗೈಯಲ್ಲಿ ಹೂಜಿ, ಬಲಗೈಯಲ್ಲಿ ಹಿಡಿಯಿಲ್ಲದ ಪುಟ್ಟ ಬಟ್ಟಲು, ನಿಂತೇ ಬಡಿಸಬೇಕು. ಅತಿಥಿ ಬಟ್ಟಲನ್ನು ಅಲ್ಲಾಡಿಸುವ ತನಕ ಸುರಿಯುತ್ತಲೇ ಇರಬೇಕು. ಸೂಪರ್‌ವೈಸರ್ ಇದನ್ನೆಲ್ಲ ಮುತುವರ್ಜಿಯಿಂದ ಕಲಿಸಿದರು. ಕೊನೆಯಲ್ಲಿ ಬಖೂರನ್ನೂ ಕಲಿಸಿದರು.

ಬಖೂರ್ ಎಂದರೆ ಸುಗಂಧದ ಮರದ ಚೂರು. ಧೂಪದಾನಿಯಲ್ಲಿ ಕೆಂಡದ ಮೇಲೆ ಹಾಕಿ ಅತಿಥಿಗಳ ಮುಂದೆ ಒಬ್ಬೊಬ್ಬರಿಗಾಗಿ ಹಿಡಿಯುತ್ತಾರೆ. ಅವರು ಹೊಗೆಯನ್ನು ಗಡ್ಡಕ್ಕೆ, ತಲೆಯ ಬಟ್ಟೆಗೆ ಎಳೆದುಕೊಳ್ಳುತ್ತಾರೆ. ಬಖೂರ್ ಬಂತೆಂದರೆ ಸತ್ಕಾರ ಮುಗಿಯಿತು ಎಂದರ್ಥ. ಅದಾದ ಮೇಲೆ ಕೂತಿರುವುದು ಮರ್ಯಾದೆಯಲ್ಲ, ಎದ್ದು ಹೊರಡಬೇಕು. ಅದು ಬರುವ ಮೊದಲು ಏಳುವುದೂ ಅಷ್ಟು ಚೆನ್ನಾಗಿರುವುದಿಲ್ಲ. ಈ ಪದ್ಧತಿಯ ಎರಡು ಲಾಭವನ್ನು ಸೂಪರ್‌ವೈಸರ್ ಕಂಡುಕೊಂಡಿದ್ದರು. ಲಜ್ನಾವನ್ನು ಬೇಕಾದ ಹೊತ್ತಿಗೆ ಎಬ್ಬಿಸಬಹುದು. ಮತ್ತು ಆ ಹೊಗೆಯ ಮುಂದೆ ಬೇರೆ ಯಾವ ವಾಸನೆಯೂ ನಿಲ್ಲುವುದಿಲ್ಲ.

ಬ್ಯಾರಿಯವರು ಊಟದ ಹೊತ್ತಿನಲ್ಲಿ ಸುದ್ದಿ ಹೇಳುತ್ತಿದ್ದರು. ವಾರ್ಡಿಗೆ ಇನ್ನೊಬ್ಬರನ್ನು ಹಾಕಿರಲಿಲ್ಲ, ಅವರೊಬ್ಬರಿಗೆ ಎಲ್ಲರನ್ನೂ ಹೊರಳಿಸಲು ಆಗುತ್ತಿರಲಿಲ್ಲ. ಮೊದಲು ಹೇಳಿದರು, ಹಾಜಿಯ ಬೆನ್ನು ಒಡೆದಿದೆ. ಆಮೇಲೆ ಹೇಳಿದರು, ಆಳವಾಗಿದೆ. ಆಮೇಲೆ ತಟ್ಟೆಯ ಅನ್ನ ಕಲಸುತ್ತಾ ಕೂತವರು, "ವಾಸನೆ ಬರ್ತಾ ಉಂಟು. ಆಸ್ಪತ್ರೆಗೆ ಹಾಕದಿದ್ರೆ ಹಾಜಿ ಉಳಿಯೂದಿಲ್ಲ," ಎಂದರು. ಆಸ್ಪತ್ರೆಗೆ ಕಳಿಸಿದರೆ ಹುಣ್ಣು ಹೇಗಾಯಿತು ಎಂದು ಅಲ್ಲಿಯವರು ಕೇಳುತ್ತಾರೆ. ಆದ್ದರಿಂದ ಕಂಪನಿ ಕಳಿಸುತ್ತಿರಲಿಲ್ಲ.

ಅಷ್ಟರಲ್ಲಿ ಮತ್ತೆ ಲಜ್ನಾ ಬರುವ ದಿನ ಬಂತು.

ಅದರ ಏರ್ಪಾಡು ಹೀಗಿತ್ತು. ಲಜ್ನಾ ಹಿಂದಿನ ವಾರ್ಡುಗಳಿಗೆ ಹೊರಡುವಾಗ, ತೋರಿಸಬಾರದವರನ್ನು ಮಂಚದ ಸಮೇತ ಪಕ್ಕದ ಓಣಿಯಿಂದ ತಳ್ಳಿ ಮುಂದಿನ ಕಟ್ಟಡಕ್ಕೆ ತರುವುದು. ಮಜ್ಲಿಸಿನ ಪಕ್ಕದಲ್ಲೇ ಬಟ್ಟೆಬರೆ ಇಡುವ ಕೋಣೆಯಿತ್ತು, ಅದರಲ್ಲಿ ಇಟ್ಟು ಬಾಗಿಲು ಹಾಕುವುದು. ಲಜ್ನಾ ಆ ಕೋಣೆಯನ್ನು ಬಂದ ಕೂಡಲೇ ನೋಡಿ ಆಗಿರುತ್ತಿತ್ತು, ಒಮ್ಮೆ ನೋಡಿದ್ದನ್ನು ಮತ್ತೆ ನೋಡುತ್ತಿರಲಿಲ್ಲ. ಅವರು ವಾಪಸು ಬಂದು ಕೂತು ಗಾವಾ ಕುಡಿಯುವಾಗ, ನಡುವೆ ಇರುವುದು ಜಿಪ್ಸಮ್ ಹಲಗೆಯ ಒಂದು ಗೋಡೆ. ಮಧ್ಯಾಹ್ನದ ಬಾಂಗಿಗೆ ಮೊದಲೇ ಬಖೂರ್ ತಂದು ಅವರನ್ನು ಸಾಗಹಾಕುವುದು. ಯಾಕೆಂದರೆ ಬಾಂಗ್ ಆದರೆ ಹಾಜಿ ಕೂಗುತ್ತಾರೆ.

ಆ ಬೆಳಿಗ್ಗೆ ಬಟ್ಟೆಯ ಕೋಣೆಯ ಬಾಗಿಲು ಮುಚ್ಚುವ ಮೊದಲು ನನಗೆ ಹಾಜಿಯ ಪಾದ ಕಂಡಿತು. ಇಲ್ಲಿ ತಿದ್ದಬೇಕು. ಕಂಡದ್ದು ಯಾರದೋ ಪಾದ, ಶೀಟಿನಿಂದ ಹೊರಗೆ ಬಂದದ್ದು. ಹಾಜಿಯದ್ದೆಂದು ಆಮೇಲೆ ತೀರ್ಮಾನ ಮಾಡಿರಬೇಕು. ವಾಸನೆ ಮಾತ್ರ ಆಗಲೇ ಬಂತು.

ಲಜ್ನಾ ಮಜ್ಲಿಸಿಗೆ ಬಂದು ಕೂತಿತು. ಮೊಣಕಾಲು ನೋವಿನ ಹಿರಿಯರು ಗೋಡೆಗೆ ಒರಗುವ ಕಡೆ, ಸರಿಯಾಗಿ ಬಟ್ಟೆಯ ಕೋಣೆಯ ಮಗ್ಗುಲಿಗೆ ಕೂತರು. ಖರ್ಜೂರ ಕೊಟ್ಟೆ. ಗಾವಾ ಸುರಿದೆ. ಎಲ್ಲ ಬಹಳ ಚೆನ್ನಾಗಿದೆ ಎಂದು ಅವರಲ್ಲೊಬ್ಬರು ಹೇಳಿದರು. ಬಟ್ಟಲುಗಳು ಅಲ್ಲಾಡಿದವು, ತೆಗೆದುಕೊಂಡೆ. ಸೂಪರ್‌ವೈಸರ್ ನನ್ನ ಕಡೆ ನೋಡಿ ಹುಬ್ಬು ಎತ್ತಿದರು. ಕೆಂಡ ತಾ ಎಂದು.

ನಾನು ಹೂಜಿ ಹಿಡಿದು ಅಲ್ಲೇ ನಿಂತೆ.

ಅವರು ಅತಿಥಿಗಳ ಕಡೆಗೇ ಮುಖ ಇಟ್ಟು, ಅದೇ ನಗುವಿನಲ್ಲಿ, ಕನ್ನಡದಲ್ಲಿ ಹೇಳಿದರು, "ಎಂತ ಮಾರಾಯ, ಬಖೂರ್ ಎಲ್ಲಿ?"

ನಾನೂ ನಗುತ್ತಾ ಹೇಳಿದೆ, "ಕೆಂಡ ಹತ್ತುತ್ತಾ ಉಂಟು ಸರ್."

"ಬೇಗ ಹತ್ತಿಸು. ಹೊತ್ತಾಯ್ತು."

"ಇದ್ದಲು ಹಸಿಯಾಗಿದೆ ಸರ್. ನೀರು ಬಿದ್ದಿದೆ."

"ಯಾರು ನೀರು ಹಾಕಿದ್ದು?"

"ನಾನೇ ಸರ್."

ಅವರ ನಗು ಹಾಗೇ ಇತ್ತು. ಅದನ್ನು ತೆಗೆಯುವ ಹಾಗಿರಲಿಲ್ಲ. ಲಜ್ನಾದವರು ನಮ್ಮಿಬ್ಬರ ನಗು ನೋಡಿ ಸಣ್ಣಗೆ ನಕ್ಕರು, ಏನೋ ತಮಾಷೆ ಇರಬೇಕೆಂದು. "ನಿನ್ನನ್ನು ನಾಳೆ ಕಳಿಸ್ತೇನೆ, ನೋಡ್ತಾ ಇರು," ಎಂದರು ಅವರು, ಖರ್ಜೂರದ ತಟ್ಟೆಯನ್ನು ಹಿರಿಯರ ಕಡೆ ಸರಿಸುತ್ತಾ. "ಆಯ್ತು ಸರ್, ಇವತ್ತು ಇನ್ನೂ ಸ್ವಲ್ಪ ಗಾವಾ ಕೊಡ್ತೇನೆ," ಎಂದೆ ನಾನು. ಹೊಸ ಬಟ್ಟಲು ತುಂಬಿ ಹಿರಿಯರ ಕೈಗಿತ್ತೆ. ಕೊಟ್ಟದ್ದನ್ನು ಅವರು ಬೇಡ ಅನ್ನಲಿಲ್ಲ.

ನನ್ನ ಜೀವಮಾನದಲ್ಲಿ ಅಷ್ಟು ಸುಖವಾಗಿ ನಾನು ಯಾರಿಗೂ ಕಾಫಿ ಬಡಿಸಿಲ್ಲ.

ಸೂಪರ್‌ವೈಸರ್ ತಾವೇ ಎದ್ದು ಹೋಗಿ ಬೇರೆ ಕೆಂಡ ತರಬಹುದಿತ್ತು. ಈಗ ಯೋಚಿಸಿದರೆ ಅದೊಂದೇ ದಾರಿ ಅವರಿಗಿತ್ತು. ಆದರೆ ಅತಿಥಿಗಳನ್ನು ಬಿಟ್ಟು ಯಜಮಾನ ಒಲೆಯ ಹತ್ತಿರ ಹೋಗುವುದಿಲ್ಲ, ಅದನ್ನು ನನಗೆ ಕಲಿಸಿದವರೇ ಅವರು. ಕೂತೇ ಇದ್ದರು. ಹೊಗೆ ಇಲ್ಲದ ಕೋಣೆಯಲ್ಲಿ ಆ ಇನ್ನೊಂದು ವಾಸನೆ ನಿಧಾನಕ್ಕೆ ಬರತೊಡಗಿತು. ಹಿರಿಯರು ಮೂಗನ್ನು ತಲೆಬಟ್ಟೆಯ ತುದಿಯಿಂದ ಒರೆಸಿಕೊಂಡರು. ಮತ್ತೆ ಒರೆಸಿಕೊಂಡರು.

ಬಾಂಗ್ ಶುರುವಾಯಿತು. ಗೋಡೆಯ ಆಚೆಯಿಂದ, ಹಿರಿಯರ ಬೆನ್ನ ಹಿಂದಿನಿಂದಲೇ, ಕೇಳಿತು:

"ಯಾ ಹಿಂದಿ. ಯಾ ಹಿಂದಿ, ಗಲ್ಲಿಬ್ನಿ."

ದನಿ ಮೊದಲಿನಂತಿರಲಿಲ್ಲ, ಸಪೂರವಾಗಿತ್ತು. ಆದರೂ ಶಬ್ದ ಬಿಡಿಬಿಡಿಯಾಗಿ ಕೇಳುತ್ತಿತ್ತು. ಹಿರಿಯರು ತಿರುಗಿ ಗೋಡೆ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಕೋಣೆಯಲ್ಲಿ ಎದ್ದು ನಿಂತಿದ್ದ ಹಿಂದಿ ನಾನೊಬ್ಬನೇ.

"ಯಾರದು?" ಎಂದರು.

"ಟಿವಿ," ಎಂದರು ಸೂಪರ್‌ವೈಸರ್.

"ಟಿವಿ ಇವನನ್ನು ಯಾಕೆ ಕರೆಯುತ್ತದೆ?" ಎಂದರು ಹಿರಿಯರು.

ನಾನು ಹೂಜಿಯನ್ನು ಕೆಳಗಿಟ್ಟೆ. ಹೋಗಿ ಬಟ್ಟೆಯ ಕೋಣೆಯ ಬಾಗಿಲು ತೆರೆದೆ. ಹಿರಿಯರು ಮೊಣಕಾಲು ಹಿಡಿದುಕೊಂಡು ನನ್ನ ಹಿಂದೆಯೇ ಬಂದರು. ಹಾಜಿ ರಬ್ಬರ್ ಶೀಟಿನ ಮೇಲೆ ಅಂಗಾತ ಬಿದ್ದಿದ್ದರು, ಎರಡೂ ಕಡೆ ಟವೆಲ್ಲಿನ ರಾಶಿ. ಹಿರಿಯರು ಬಗ್ಗಿ ಸಲಾಂ ಹೇಳಿ, ರೂಢಿಯ ಮಾತನ್ನೇ ಕೇಳಿದರು, ಹೇಗಿದ್ದೀರಿ. ಹಾಜಿ ಹೇಳಿದರು, ಅಲ್ ಹಮ್ದುಲಿಲ್ಲಾ.

ಹಿರಿಯರು ಈ ಸಲ ಆ ಉತ್ತರವನ್ನು ತೆಗೆದುಕೊಳ್ಳಲಿಲ್ಲ. ಶೀಟು ಎತ್ತಿ, ನನಗೆ ಸನ್ನೆ ಮಾಡಿದರು. ಬ್ಯಾರಿಯವರು ಎಲ್ಲಿಂದಲೋ ಬಂದು ಇನ್ನೊಂದು ಕಡೆ ಕೈಕೊಟ್ಟರು. ಇಬ್ಬರೂ ಸೇರಿ ಹಾಜಿಯನ್ನು ಬಲ ಮಗ್ಗುಲಿಗೆ ಹೊರಳಿಸಿದೆವು. ಬೆನ್ನು ಲಜ್ನಾದ ಕಡೆಗಾಯಿತು. ಅದು ಹೇಗಿತ್ತೆಂದು ಬರೆಯುವುದಿಲ್ಲ. ಒಬ್ಬರು ಹೊರಗೆ ಹೋಗಿ ವಾಂತಿ ಮಾಡಿಕೊಂಡರು ಎಂದಷ್ಟೇ ಹೇಳುತ್ತೇನೆ. ಹಿರಿಯರು ತಮ್ಮ ತಂದೆಯನ್ನು ನೆನೆದು ಅತ್ತರು ಎಂದೂ ನನ್ನ ನೆನಪಿನಲ್ಲಿ ಬರುತ್ತದೆ. ಅದನ್ನು ನಾನು ನಂಬುವುದಿಲ್ಲ. ಅಷ್ಟು ಹದವಾದ ಕಣ್ಣೀರು ಕಥೆಗಳಲ್ಲಿ ಇರುತ್ತದೆ. ಅವರು ಆಂಬುಲೆನ್ಸಿಗೆ ಫೋನ್ ಮಾಡಿದ್ದು ನಿಜ. ಆಮೇಲೆ ಸೂಪರ್‌ವೈಸರ್ ಕಡೆ ತಿರುಗಿ ಒಂದೇ ಮಾತು ಕೇಳಿದ್ದೂ ನಿಜ: "ನನ್ನನ್ನು ಯಾವ ಗೋಡೆಗೆ ಒರಗಿಸಿ ಖರ್ಜೂರ ತಿನ್ನಿಸಿದೆ?"

ಆಗ ಆ ನಗು ಹೋಯಿತು. ನಾನು ಅದನ್ನೇ ನೋಡುತ್ತಾ ನಿಂತಿದ್ದೆ. ತುಟಿ ಮೊದಲು ಇಳಿಯಿತು, ಕೆನ್ನೆ ಸ್ವಲ್ಪ ತಡವಾಗಿ.

ಲಜ್ನಾ ನನ್ನನ್ನು ಸಾಕ್ಷಿಯಾಗಿ ಬರೆದುಕೊಂಡದ್ದರಿಂದ ಕಂಪನಿಗೆ ನನ್ನನ್ನು ಕಳಿಸಲಾಗಲಿಲ್ಲ, ಅದರ ಗುತ್ತಿಗೆಯೇ ಕೆಲವು ತಿಂಗಳಲ್ಲಿ ಹೋಯಿತು. ಬೇರೆ ಕಂಪನಿ ಬಂತು, ನಮಗೆ ಬೇರೆ ಬಣ್ಣದ ಅಂಗಿ ಕೊಟ್ಟು ಅದೇ ವಾರ್ಡಿನಲ್ಲಿ ಇಟ್ಟುಕೊಂಡಿತು. ಈಗ ಲಜ್ನಾ ಹೇಳದೆ ಬರುತ್ತದೆ, ಗಾವಾ ಮುಟ್ಟುವುದಿಲ್ಲ, ಎಲ್ಲರ ಬೆನ್ನನ್ನೂ ಹೊರಳಿಸಿ ನೋಡುತ್ತದೆ. ಸೂಪರ್‌ವೈಸರನ್ನು ಹಳೆ ಕಂಪನಿ ದೂರದ ರಾಸ್ ಅಲ್ ಖೈರ್‌ಗೆ ಕಳಿಸಿತು, ಕಾರ್ಮಿಕರ ಕ್ಯಾಂಪಿನ ಶೌಚಾಲಯ ಸರಿಯಾಗಿ ತೊಳೆದಿದ್ದಾರೆಯೇ ಎಂದು ನೋಡಲಿಕ್ಕೆ. ಇದನ್ನು ಕೇಳಿದ ದಿನ ನಾನು ಕೋಣೆಯವರಿಗೆಲ್ಲ ಬಿರಿಯಾನಿ ತರಿಸಿದೆ.

ಬ್ಯಾರಿಯವರು ಒಳ್ಳೆಯ ಮನುಷ್ಯ. ಅವರಿಗೆ ನನ್ನ ಈ ಹಗೆ ಹಿಡಿಸುವುದಿಲ್ಲ. "ನೀವು ನೀರು ಹಾಕಿದ್ದಲ್ಲ ಮಾರಾಯ್ರೆ. ಎಸಿಯ ನೀರು ಸೋರಿ ಇದ್ದಲಿನ ಡಬ್ಬಕ್ಕೆ ಬಿದ್ದದ್ದು. ನಾನು ನೋಡಿದ್ದೇನೆ. ಮೇಲಿನವ ಮಾಡಿದ್ದು ಅದು," ಎನ್ನುತ್ತಾರೆ. ಅಡುಗೆಯವನೂ ಹಾಗೇ ಹೇಳುತ್ತಾನೆ. ಎಸಿ ಸೋರುತ್ತಿದ್ದದ್ದು ಹೌದು. ನನ್ನ ನೆನಪಿನಲ್ಲಿ ನಲ್ಲಿಯ ಕೆಳಗೆ ಇದ್ದಲಿನ ಬಿಲ್ಲೆ ಹಿಡಿದ ನನ್ನ ಕೈ ಇದೆ, ಬೆರಳ ಸಂದಿಯಿಂದ ಇಳಿದ ಕಪ್ಪು ನೀರು ಇದೆ. ನನ್ನ ನೆನಪನ್ನು ನಾನು ಉಳಿದ ಯಾವ ವಿಷಯದಲ್ಲೂ ಪೂರ್ತಿ ನಂಬುವುದಿಲ್ಲ. ಇದೊಂದನ್ನು ಬಿಟ್ಟುಕೊಡುವುದಿಲ್ಲ. ಅದು ನಾನು ಮಾಡಿದ್ದು. ಸೋರಿದ ಎಸಿಗೆ ಆ ಮಧ್ಯಾಹ್ನವನ್ನು ದಾನ ಮಾಡಲಾರೆ.

ಇಲ್ಲಿಗೆ ಮುಗಿಸಿದ್ದರೆ ಲೆಕ್ಕ ಸರಿಹೋಗುತ್ತಿತ್ತು.

ಹಾಜಿಯನ್ನು ರಿಯಾದಿನ ಆಸ್ಪತ್ರೆಗೆ ಸೇರಿಸಿದ್ದರು. ಒಂದು ರಜೆಯ ದಿನ ಹೋದೆ. ಎಲ್ಲ ಸರಿಯಿತ್ತು. ತಾನಾಗಿ ಉಬ್ಬಿ ಇಳಿಯುವ ಹಾಸಿಗೆ, ಕಿಟಕಿ, ಶುದ್ಧ ಗಾಳಿ. ಹುಣ್ಣು ಮಾಯುತ್ತಿದೆ ಎಂದು ನರ್ಸ್ ಹೇಳಿದಳು. ನಾನು ಮಂಚದ ಬಳಿ ನಿಂತು ಸಲಾಂ ಹೇಳಿದೆ. ಹಾಜಿ ನನ್ನನ್ನು ನೋಡಿದರು. ಗುರುತು ಸಿಕ್ಕಿತು, ಅದರಲ್ಲಿ ಸಂಶಯವಿಲ್ಲ.

"ಕರೆದೆ," ಎಂದರು. "ದಿನಾ ಕರೆದೆ. ನೀನು ಬರಲಿಲ್ಲ."

ನನ್ನನ್ನು ಮುಂದಿನ ಕಟ್ಟಡಕ್ಕೆ ಹಾಕಿದ್ದರು, ಅಲ್ಲಿಗೆ ನಿಮ್ಮ ದನಿ ಕೇಳುತ್ತಿರಲಿಲ್ಲ, ಬಂದರೆ ದೇಶ ಬಿಡಿಸುತ್ತೇನೆ ಅಂದಿದ್ದರು. ಇಷ್ಟನ್ನು ಅರಬಿಯಲ್ಲಿ ಹೇಳಲು ಹೊರಟು ನಡುವೆಯೇ ಸಿಕ್ಕಿಕೊಂಡೆ. ನನ್ನ ಅರಬಿ ಎಲ್ಲ ನೀರು, ನೋವು, ಎಡ, ಬಲ, ಇಷ್ಟರದ್ದು. ಯಾರೋ ನಮ್ಮಿಬ್ಬರನ್ನೂ ಬೇಕೆಂದೇ ಬೇರೆ ಮಾಡಿದರು ಎಂಬುದಕ್ಕೆ ಅದರಲ್ಲಿ ಮಾತಿರಲಿಲ್ಲ. ಬಾಗಿಲು ತೆರೆದವನು ನಾನೇ ಎಂದೆ. ಅವರು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ.

ಅಷ್ಟರಲ್ಲಿ ಬಾಂಗ್ ಆಯಿತು. ನಾನು ಅಭ್ಯಾಸದಂತೆ ಕೈ ಮುಂದೆ ಮಾಡಿದೆ. ಹಾಜಿ ನನ್ನ ಕೈಯನ್ನು ಸರಿಸಿ ನರ್ಸನ್ನು ಕರೆದರು. ಅವಳು ಬಂದು ಚೆನ್ನಾಗಿಯೇ ಹೊರಳಿಸಿದಳು, ಬಲ ಮಗ್ಗುಲಿಗೆ. ಅವರ ಬೆನ್ನು ನನ್ನ ಕಡೆಗಾಯಿತು. ನಮಾಜು ಮುಗಿದ ಮೇಲೂ ಅವರು ಈ ಕಡೆ ತಿರುಗಿಸು ಎನ್ನಲಿಲ್ಲ. ನಾನು ಬಂದುಬಿಟ್ಟೆ.

ಗುತ್ತಿಗೆ ಹೋದದ್ದು, ಶೌಚಾಲಯ ನೋಡುವ ಕೆಲಸ ಬಂದದ್ದು, ಇದೆಲ್ಲ ಹುಣ್ಣಿನ ಲೆಕ್ಕಕ್ಕೆ ಆಯಿತು. ಹಾಜಿ ನನಗೆ ಬೆನ್ನು ಮಾಡಿದ್ದಕ್ಕೆ ಸೂಪರ್‌ವೈಸರಿಂದ ಇನ್ನೂ ಏನೂ ಸಂದಿಲ್ಲ.

ಸೂಪರ್‌ವೈಸರ್ ಈಗ ವಾಟ್ಸಾಪಿನಲ್ಲಿ ಬರೆಯುತ್ತಾರೆ. ಮೊದಲು ಬರೆದದ್ದು, "ಊರಿನವನೇ ನನ್ನ ಹೊಟ್ಟೆಗೆ ಹೊಡೆದೆಯಲ್ಲ." ಆಮೇಲೆ, "ಆದದ್ದು ಆಯ್ತು ಮಾರಾಯ, ನಾವು ಒಂದೇ ಕಡೆಯವರು." ಈಚೆಗೆ, "ಇಲ್ಲಿ ಮಾತಾಡ್ಲಿಕ್ಕೆ ಕೂಡ ನಮ್ಮವರು ಒಬ್ಬರಿಲ್ಲ. ಒಂದು ಫೋನ್ ಮಾಡು." ನಂಬರ್ ಬ್ಲಾಕ್ ಮಾಡಿ ಎನ್ನುತ್ತಾರೆ ಬ್ಯಾರಿಯವರು. ನಾನು ಮಾಡುವುದಿಲ್ಲ. ಪ್ರತಿ ಮೆಸೇಜನ್ನೂ ತೆರೆದು ಓದುತ್ತೇನೆ. ಓದಿದ್ದೇನೆಂದು ಅವರಿಗೆ ಆ ನೀಲಿ ಗೀಟು ಕಾಣಬೇಕು. ಆಮೇಲೆ ಫೋನನ್ನು ಜೇಬಿಗೆ ಹಾಕಿ ವಾರ್ಡಿಗೆ ಹೋಗುತ್ತೇನೆ, ಬಾಂಗ್ ಆಗುವ ಹೊತ್ತಾಗಿರುತ್ತದೆ.